ಮನೆಮಂದಿಯೊಂದಿಗೆ ಕಿನ್ನೌರ್–ಸ್ಪಿತಿ: ನಿಧಾನವಾಗಿ ಏರಬಯಸುವವರಿಗೆ ಸಮಗ್ರ ಮಾರ್ಗದರ್ಶಿ

ಹಿಮಾಚಲದ ಸ್ಪಿತಿ ಕಣಿವೆಗೆ ಮಕ್ಕಳನ್ನೂ ಹಿರಿಯರನ್ನೂ ಕರೆದೊಯ್ಯಬೇಕೆಂದು ಹೊರಟವರ ಕಣ್ಣು ಮೊದಲು ಬೀಳುವುದು ಮನಾಲಿಯ ದಾರಿಯ ಮೇಲೆ. ಭೂಪಟದಲ್ಲಿ ಅದು ಚಿಕ್ಕದಾಗಿ ಕಾಣುತ್ತದೆ. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲಂತೂ ಬೆಳಿಗ್ಗೆ ಮನಾಲಿಯಲ್ಲಿ ತಿಂಡಿ ಮುಗಿಸಿ ರಾತ್ರಿ ಸ್ಪಿತಿಯ ಮುಖ್ಯ ಪಟ್ಟಣ ಕಾಜಾದಲ್ಲಿ ಊಟ ಮಾಡಬಹುದೆಂದು ಪ್ರವಾಸ ಏರ್ಪಡಿಸುವವರು ಧಾರಾಳವಾಗಿ ಹೇಳುತ್ತಾರೆ. ನಾನೂ ಮೊದಲ ಸಲ ಆ ಮಾತನ್ನು ನಂಬಿ ಹೋದವನು. ಮನಾಲಿಯ ಎತ್ತರ ಸುಮಾರು 2,050 ಮೀಟರ್, ನಡುವೆ ದಾಟಬೇಕಾದ ಕುಂಜುಮ್ ಘಟ್ಟದ ಕಂಡಿ 4,551 ಮೀಟರ್, ರಾತ್ರಿ ಮಲಗಬೇಕಾದ ಕಾಜಾ ಸುಮಾರು 3,650 ಮೀಟರ್. ಆ ರಾತ್ರಿ ಎಂಟು ವರ್ಷದ ಮಗಳು ಊಟ ಮುಟ್ಟಲಿಲ್ಲ. ಹತ್ತು ಗಂಟೆಯಿಂದ ವಾಂತಿ ಹತ್ತಿಕೊಂಡಿತು. ಕೆಳಗಿಳಿಸಿಬಿಡೋಣವೆಂದರೆ, ಮನಾಲಿಗೆ ಇಳಿಯಬೇಕಾದರೂ ಮೊದಲು ಇನ್ನೂ ಒಂಬೈನೂರು ಮೀಟರ್ ಮೇಲೇರಿ ಕುಂಜುಮ್ ದಾಟಲೇಬೇಕೆಂಬುದು ನನಗೆ ಹೊಳೆದದ್ದು ಆಗಲೇ.

ಎರಡನೆಯ ಸಲ ಎಪ್ಪತ್ತರ ಹತ್ತಿರದ ಅಮ್ಮನನ್ನೂ ಸೇರಿಸಿಕೊಂಡು ಶಿಮ್ಲಾ, ಕಿನ್ನೌರ್ ಮಾರ್ಗವಾಗಿ ಹೋದೆವು. ಹದಿಮೂರು ದಿನ ಹಿಡಿಯಿತು, ಆದರೆ ಒಬ್ಬರೂ ಹಾಸಿಗೆ ಹಿಡಿಯಲಿಲ್ಲ. ಈ ಬರಹದಲ್ಲಿರುವುದು ಆ ಎರಡನೆಯ ದಾರಿ.

ಎತ್ತರದ ಲೆಕ್ಕ

ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಂದರೆ ನಮ್ಮವರು ಊರಿನಲ್ಲಿ ಎಷ್ಟು ಬೆಟ್ಟ ಹತ್ತಿದ್ದರೂ ಎತ್ತರದ ಬಾಧೆ ಎಂದರೇನೆಂದು ಕಂಡಿರುವುದಿಲ್ಲ. ಅದು ಸಾಮಾನ್ಯವಾಗಿ 2,500 ಮೀಟರಿನ ಮೇಲೆ ಶುರುವಾಗುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ಶೇಕಡಾ 21ರಷ್ಟೇ ಇರುತ್ತದೆ, ಕಡಿಮೆಯಾಗುವುದು ಗಾಳಿಯ ಒತ್ತಡ. ಕಾಜಾದಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದಕ್ಕುವುದರ ಮೂರನೇ ಎರಡು ಭಾಗಕ್ಕಿಂತ ಹೆಚ್ಚಿರುವುದಿಲ್ಲ. ದೇಹ ಇದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ಅದಕ್ಕೆ ದಿನಗಳು ಬೇಕು. ವ್ಯಾಯಾಮ ಮಾಡಿ ಗಟ್ಟಿಮುಟ್ಟಾಗಿರುವವರಿಗೂ ಇದರಲ್ಲಿ ವಿನಾಯಿತಿ ಇಲ್ಲ. ನಮ್ಮ ಮೊದಲ ಪ್ರವಾಸದಲ್ಲಿ ಮಗಳ ನಂತರ ಮಲಗಿದ್ದು ದಿನವೂ ಓಡುವ ಅಭ್ಯಾಸವಿದ್ದ ನನ್ನ ತಮ್ಮ.

ಪರ್ವತ ವೈದ್ಯರು ಸಾಮಾನ್ಯವಾಗಿ ಹೇಳುವ ನಿಯಮ ಹೀಗಿದೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ರಾತ್ರಿಯಿಂದ ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮತ್ತು ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ಹಗಲಲ್ಲಿ ಎಷ್ಟು ಎತ್ತರಕ್ಕೆ ಹೋಗಿಬಂದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎನ್ನುವುದು ಮುಖ್ಯ. ಆದ್ದರಿಂದ ಪ್ರವಾಸದ ಪಟ್ಟಿ ಬರೆಯುವಾಗ ನೋಡುವ ಜಾಗಗಳಿಗಿಂತ ಮೊದಲು ಮಲಗುವ ಊರುಗಳನ್ನೂ ಅವುಗಳ ಎತ್ತರವನ್ನೂ ಬರೆದುಕೊಳ್ಳಿ. ನಮ್ಮ ಪಟ್ಟಿ ಹೀಗಿತ್ತು: ಶಿಮ್ಲಾ (ಸುಮಾರು 2,200 ಮೀಟರ್) ಎರಡು ರಾತ್ರಿ, ಹೆಚ್ಚುಕಡಿಮೆ ಅಷ್ಟೇ ಎತ್ತರದ ಸರಾಹನ್ ಒಂದು, ಕಲ್ಪಾ (2,960) ಎರಡು, ತಾಬೋ (3,280) ಎರಡು, ಕಾಜಾ (3,650) ಮೂರು, ಹಿಂದಿರುಗುವಾಗ ದಾರಿಯಲ್ಲಿ ಎರಡು.

ತಿಂಗಳು, ದಾರಿ ಮತ್ತು ವಾಹನ

ಶಿಮ್ಲಾ ಕಡೆಯ ರಸ್ತೆ ಹಿಮ ಬಿದ್ದಾಗ ಕೆಲವು ದಿನ ಮುಚ್ಚಿದರೂ ಸಾಮಾನ್ಯವಾಗಿ ವರ್ಷವಿಡೀ ಸಂಚಾರಕ್ಕೆ ಸಿಗುತ್ತದೆ. ಕುಂಜುಮ್ ಮಾತ್ರ ಮೇ ಕೊನೆ ಅಥವಾ ಜೂನ್‌ನಲ್ಲಿ ತೆರೆದು ಅಕ್ಟೋಬರ್ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಜುಲೈ, ಆಗಸ್ಟ್ ತಿಂಗಳುಗಳನ್ನು ಬಿಟ್ಟುಬಿಡಿ. ಸ್ಪಿತಿ ಮಳೆನೆರಳಿನ ನಾಡು ನಿಜ, ಆದರೆ ಅಲ್ಲಿಗೆ ತಲುಪಿಸುವ ಕಿನ್ನೌರ್ ರಸ್ತೆಯಲ್ಲಿ ಮಳೆಗಾಲದಲ್ಲಿ ಗುಡ್ಡ ಕುಸಿಯುತ್ತದೆ. 2021ರ ಆಗಸ್ಟ್‌ನಲ್ಲಿ ನಿಗುಲ್ಸರಿಯಲ್ಲಿ ಕುಸಿದ ಗುಡ್ಡ ಬಸ್ಸನ್ನೂ ಇತರ ವಾಹನಗಳನ್ನೂ ಹೂತುಹಾಕಿತ್ತು. ನಮ್ಮ ಮಕ್ಕಳ ಶಾಲಾ ರಜೆಗೆ ಹೊಂದುವ ಸಮಯಗಳು ಎರಡು. ಮೇ ತಿಂಗಳಲ್ಲಿ ಹೋದರೆ ಕುಂಜುಮ್ ಮುಚ್ಚಿರುತ್ತದೆ, ಆದರೆ ಈ ಮಾರ್ಗಕ್ಕೆ ಅದು ಬೇಕಾಗಿಯೇ ಇಲ್ಲ. ದಸರೆ ರಜೆಯಲ್ಲಿ ಹೋದರೆ ಆಕಾಶ ತಿಳಿಯಾಗಿರುತ್ತದೆ, ಕಿನ್ನೌರಿನಲ್ಲಿ ಸೇಬು ಕೊಯ್ಲು ನಡೆದಿರುತ್ತದೆ, ಆದರೆ ಕಾಜಾದ ರಾತ್ರಿಗಳು ಆಗಲೇ ಸೊನ್ನೆಯ ಆಸುಪಾಸಿಗೆ ಇಳಿದಿರುತ್ತವೆ. ನನ್ನ ಆಯ್ಕೆ ದಸರೆಯೇ.

ಬೆಂಗಳೂರಿನಿಂದ ಚಂಡೀಗಢಕ್ಕೆ ವಿಮಾನವಿದೆ, ಅಲ್ಲಿಂದ ಶಿಮ್ಲಾದ ರೈಲು ಹೊರಡುವ ಕಾಲ್ಕಾ ಹತ್ತಿರ. ಶಿಮ್ಲಾದಿಂದ ಮುಂದಕ್ಕೆ ಹಿಮಾಚಲದ ನೋಂದಣಿಯಿರುವ, ಆ ಭಾಗದ ಚಾಲಕನೇ ಓಡಿಸುವ ಗಾಡಿ ಗೊತ್ತುಮಾಡಿಕೊಳ್ಳಿ. ಸ್ವಂತವಾಗಿ ಓಡಿಸುವ ಉತ್ಸಾಹ ಇರುವವರಿಗೆ ಒಂದು ಮಾತು: ಆಗುಂಬೆಯ ತಿರುವುಗಳನ್ನು ಕಣ್ಣುಮುಚ್ಚಿ ದಾಟಬಲ್ಲವರಿಗೂ, ಒಂದು ಪಕ್ಕ ತಲೆಯ ಮೇಲೆ ಚಾಚಿದ ಬಂಡೆ, ಇನ್ನೊಂದು ಪಕ್ಕ ನೇರ ಸತ್ಲೆಜ್ ಇರುವ ರಸ್ತೆಯಲ್ಲಿ ಎದುರಿಗೆ ಬಂದ ಲಾರಿಗೆ ದಾರಿ ಬಿಡಲು ಹಿಂದಕ್ಕೆ ಸರಿಯುವುದು ಬೇರೆಯೇ ವಿದ್ಯೆ. ದಿನಕ್ಕೆ ಏಳು ಗಂಟೆಗಿಂತ ಹೆಚ್ಚು ಪ್ರಯಾಣ ಇಟ್ಟುಕೊಳ್ಳಬೇಡಿ, ಕತ್ತಲಾದ ಮೇಲೆ ಚಲಿಸಬೇಡಿ ಎಂಬೆರಡು ಷರತ್ತುಗಳನ್ನು ಚಾಲಕನಿಗೆ ಮೊದಲ ದಿನವೇ ತಿಳಿಸಿ. ಈ ಮಾರ್ಗಕ್ಕೆ ಭಾರತೀಯರಿಗೆ ಪರವಾನಗಿ ಬೇಡ, ಆದರೂ ತಪಾಸಣಾ ಠಾಣೆಗಳಿರುವುದರಿಂದ ಮಕ್ಕಳದ್ದೂ ಸೇರಿ ಎಲ್ಲರ ಗುರುತಿನ ಚೀಟಿ ಕೈಗೆ ಸಿಗುವಂತಿರಲಿ. ಬಂಧುಗಳಲ್ಲಿ ಯಾರಾದರೂ ವಿದೇಶಿ ಪಾಸ್‌ಪೋರ್ಟ್ ಹೊಂದಿದ್ದರೆ ಅವರಿಗೆ ಪರವಾನಗಿ ಕಡ್ಡಾಯ.

ಹೊರಡುವ ಮುನ್ನ ವೈದ್ಯರ ಬಳಿ

ಹೃದಯದ ತೊಂದರೆ, ಶ್ವಾಸಕೋಶದ ಕಾಯಿಲೆ, ಹಿಡಿತಕ್ಕೆ ಬಾರದ ರಕ್ತದೊತ್ತಡ ಇರುವವರು ಮತ್ತು ಗರ್ಭಿಣಿಯರು ವೈದ್ಯರು ಸ್ಪಷ್ಟವಾಗಿ ಒಪ್ಪದೆ ಕಲ್ಪಾ ದಾಟಬಾರದು. ಎತ್ತರಕ್ಕೆ ಒಗ್ಗಲು ನೆರವಾಗುವ ಅಸೆಟಜೋಲಮೈಡ್ ಮಾತ್ರೆಯ ಬಗ್ಗೆ ಅವರನ್ನೇ ಕೇಳಿ. ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ಮರೆಯದೆ ಹೇಳಿ, ಮಕ್ಕಳಿಗೆ ಪ್ರಮಾಣವನ್ನು ನೀವೇ ಊಹಿಸಿ ಕೊಡಬೇಡಿ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ನನ್ನು ರಾತ್ರಿ ಗಾಡಿಯಲ್ಲಿ ಬಿಡದೆ ತಮ್ಮ ಹೊದಿಕೆಯೊಳಗೇ ಇಟ್ಟುಕೊಳ್ಳಬೇಕು. ಅದು ಒಮ್ಮೆ ಹೆಪ್ಪುಗಟ್ಟಿದರೆ ಮತ್ತೆ ಬಳಸಲು ಬರುವುದಿಲ್ಲ. ಎಲ್ಲರ ನಿತ್ಯದ ಮಾತ್ರೆಗಳನ್ನೂ ನಾಲ್ಕು ದಿನ ಹೆಚ್ಚಿಗೆ ಕಟ್ಟಿಕೊಳ್ಳಿ, ಏಕೆಂದರೆ ರಸ್ತೆ ಮುಚ್ಚಿದರೆ ಇದ್ದಲ್ಲೇ ಇರಬೇಕಾಗುತ್ತದೆ. ರಾಮಪುರ, ರೆಕಾಂಗ್ ಪಿಯೊ ಮತ್ತು ಕಾಜಾದಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ನಡುವಿನ ಊರುಗಳಲ್ಲಿ ದೊಡ್ಡ ಸೌಕರ್ಯವನ್ನು ನಿರೀಕ್ಷಿಸಬೇಡಿ.

ಲಕ್ಷಣಗಳನ್ನು ಮನೆಯಲ್ಲೇ ಎಲ್ಲರೂ ಕಲಿತಿರಬೇಕು. ತಲೆನೋವಿನ ಜೊತೆಗೆ ಓಕರಿಕೆ, ಸುಸ್ತು, ತಲೆಸುತ್ತು ಇವುಗಳಲ್ಲಿ ಒಂದು ಸೇರಿದರೂ ಅದನ್ನು ಎತ್ತರದ ಬಾಧೆಯೆಂದೇ ಭಾವಿಸಿ, ಅಂದು ಮೇಲೇರುವುದನ್ನು ನಿಲ್ಲಿಸಬೇಕು. ಚಿಕ್ಕ ಮಕ್ಕಳು ತಲೆನೋವೆಂದು ಹೇಳುವುದಿಲ್ಲ. ಆಟ ಬಿಡುತ್ತಾರೆ, ಊಟ ಬೇಡವೆನ್ನುತ್ತಾರೆ, ಕಾರಣವಿಲ್ಲದೆ ರಚ್ಚೆ ಹಿಡಿಯುತ್ತಾರೆ. ತಿರುವುಗಳಿಂದ ಬರುವ ವಾಂತಿಗೂ ಇದಕ್ಕೂ ಗೊಂದಲವಾಗುವುದು ಸಹಜ. ನಾನು ಕಂಡುಕೊಂಡ ಅಳತೆ ಇದು: ಗಾಡಿಯಿಂದ ಇಳಿದು ಒಂದು ಗಂಟೆ ನೆಲದ ಮೇಲೆ ಕುಳಿತ ಮೇಲೂ ಹೊಟ್ಟೆ ತೊಳಸುತ್ತಿದ್ದರೆ ಅದಕ್ಕೆ ರಸ್ತೆ ಕಾರಣವಲ್ಲ. ಇನ್ನು ಅಪಾಯದ ಗುರುತುಗಳು ಬೇರೆ. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ಮಾತಿನಲ್ಲಿ ಗೊಂದಲ, ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸಿ ನೇರ ಗೆರೆಯ ಮೇಲೆ ನಡೆಯಲಾಗದಿರುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ದು ಕೆಳಗಿಳಿಸಲೇಬೇಕು. ಈ ಹಿಮ್ಮಡಿ ನಡಿಗೆಯನ್ನು ನಾವು ದಿನವೂ ಸಂಜೆ ಹೋಂಸ್ಟೇ ಅಂಗಳದಲ್ಲಿ ಮಗಳ ಆಟವನ್ನಾಗಿ ಮಾಡಿದ್ದೆವು. ಕುಂಟೆಬಿಲ್ಲೆಗೆ ಗೆರೆ ಹಾಕುವಂತೆ ಅವಳು ಗೆರೆ ಎಳೆಯುವುದು, ಅಮ್ಮ ಸೀರೆಯ ನೆರಿಗೆ ಹಿಡಿದು ಹತ್ತು ಹೆಜ್ಜೆ ನಡೆದು ತೋರಿಸುವುದು. ಹೀಗೆ ಆಟವಾದ್ದರಿಂದ ಅಮ್ಮನಿಗೆ ಪರೀಕ್ಷೆಯೆಂದೆನಿಸಲಿಲ್ಲ, ತಪ್ಪಿಸಿಕೊಳ್ಳಲೂ ಇಲ್ಲ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದ್ದರೆ ಇರಲಿ, ಆದರೆ ಅದರ ಅಂಕಿಯನ್ನು ನೋಡಿ ಗಾಬರಿಯಾಗಬೇಡಿ. ಊರಿನಲ್ಲಿ ಆಸ್ಪತ್ರೆಗೆ ಓಡಿಸುವಂಥ ಅಂಕಿಗಳು ಅಲ್ಲಿ ಆರೋಗ್ಯವಂತರಲ್ಲೂ ಕಾಣುತ್ತವೆ. ಮನುಷ್ಯನ ಮುಖ, ನಡಿಗೆ, ಹಸಿವು ಇವೇ ನಂಬಿಕೆಗೆ ಅರ್ಹ.

ಕಾಲ್ಕಾದಿಂದ ಕಲ್ಪಾವರೆಗೆ

ಕಾಲ್ಕಾದಿಂದ ಶಿಮ್ಲಾಕ್ಕೆ ಕಾರಿನಲ್ಲಿ ಹೋಗಿ ಸಮಯ ಉಳಿಸುವ ಆಸೆ ಬೇಡ. 1903ರಲ್ಲಿ ಆರಂಭವಾದ ಈ 96 ಕಿಲೋಮೀಟರ್ ಸಣ್ಣ ಹಳಿಯ ರೈಲು ನೂರಕ್ಕೂ ಹೆಚ್ಚು ಸುರಂಗಗಳಲ್ಲಿ ನುಗ್ಗಿ, ಐದಾರು ಗಂಟೆಯಲ್ಲಿ ಸುಮಾರು 650 ಮೀಟರಿನಿಂದ 2,075 ಮೀಟರಿಗೆ ಏರಿಸುತ್ತದೆ. 2008ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬರೋಗ್ ನಿಲ್ದಾಣಕ್ಕೆ ಅಂಟಿಕೊಂಡಿರುವ ಸುರಂಗವೇ ಎಲ್ಲಕ್ಕಿಂತ ಉದ್ದ, ಒಂದು ಕಿಲೋಮೀಟರಿಗೂ ಹೆಚ್ಚು. ಸುರಂಗಗಳನ್ನು ಎಣಿಸುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿದರೆ ಅರ್ಧ ದಾರಿ ಯಾರ ಕಾಟವೂ ಇಲ್ಲದೆ ಸಾಗುತ್ತದೆ. ಟಿಕೆಟ್ಟುಗಳು ಬೇಗ ಮುಗಿಯುವುದರಿಂದ ಮುಂಗಡ ಕಾಯ್ದಿರಿಸುವ ದಿನವೇ ಕೊಂಡುಬಿಡಿ.

ಶಿಮ್ಲಾದ ಎರಡನೆಯ ದಿನಕ್ಕೆ 1888ರಲ್ಲಿ ಮುಗಿದ ವೈಸರಾಯ್ ಭವನ ಸಾಕು. ಈಗ ಅಲ್ಲಿ ಭಾರತೀಯ ಉನ್ನತ ಅಧ್ಯಯನ ಸಂಸ್ಥೆ ಇದೆ. ಮಾಲ್ ರಸ್ತೆಯಲ್ಲಿ ವಾಹನಗಳಿಲ್ಲದಿರುವುದು ಮಕ್ಕಳಿಗೆ ಅನುಕೂಲ, ಮಂಡಿನೋವಿನವರಿಗೆ ಕಷ್ಟ. ಆದ್ದರಿಂದ ಗಾಡಿ ಬಾಗಿಲಿಗೆ ಬರುವಂಥ ಕೋಣೆಯನ್ನೇ ಹುಡುಕಿ.

ಮೂರನೆಯ ದಿನ ನಾರ್ಕಂಡಾ, ರಾಮಪುರ ದಾಟಿ ಸರಾಹನ್ ತಲುಪಿ. ಬುಶಹರ್ ಅರಸರ ಕುಲದೇವಿ ಭೀಮಾಕಾಳಿಯ ಗುಡಿ ಇರುವುದು ಇಲ್ಲಿ. ನಮ್ಮ ಕಲ್ಲಿನ ದೇವಾಲಯಗಳನ್ನೇ ನೋಡಿದ ಕಣ್ಣಿಗೆ ಈ ಗೋಡೆಗಳು ಹೊಸವು. ದೇವದಾರು ತೊಲೆಯ ಒಂದು ಸಾಲು, ಅದರ ಮೇಲೆ ಗಾರೆಯಿಲ್ಲದೆ ಜೋಡಿಸಿದ ಕಲ್ಲಿನ ಒಂದು ಸಾಲು, ಮತ್ತೆ ತೊಲೆ, ಹೀಗೆ ಮೇಲಿನವರೆಗೂ. ಇದನ್ನು ಕಾಠ್ ಕುಣಿ ಎನ್ನುತ್ತಾರೆ. ಕನ್ನಡದ ಕುಣಿತಕ್ಕೂ ಈ ಹೆಸರಿಗೂ ಸಂಬಂಧವಿಲ್ಲ, ಅಲ್ಲಿ ಕುಣಿ ಎಂದರೆ ಮೂಲೆ. ಆದರೂ ಭೂಮಿ ಅದುರಿದಾಗ ಬಿರುಕು ಬಿಡದೆ ಇಡೀ ಗೋಡೆ ತುಸು ಕುಣಿದು ಮತ್ತೆ ನಿಲ್ಲಲೆಂದೇ ಹೀಗೆ ಕಟ್ಟುವುದು. ಒಳಗೆ ಚರ್ಮದ ವಸ್ತುಗಳಿಗೂ ಕ್ಯಾಮೆರಾಕ್ಕೂ ಪ್ರವೇಶವಿಲ್ಲ, ತಲೆ ಮುಚ್ಚಿಕೊಳ್ಳಬೇಕು. ಗರ್ಭಗುಡಿ ಮೇಲಿನ ಅಂತಸ್ತಿನಲ್ಲಿರುವುದರಿಂದ ಹಿರಿಯರಿಗೆ ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ಒಬ್ಬರು ಮುಂದೆ, ಒಬ್ಬರು ಹಿಂದೆ ಇರಿ.

ಕಲ್ಪಾ ತಲುಪಿದ ಮರುದಿನ ಎಲ್ಲಿಗೂ ಹೋಗಬೇಡಿ ಎಂದೇ ಹೇಳುತ್ತೇನೆ. ಕಿನ್ನರ ಕೈಲಾಸದ ಸಾಲು ಕಿಟಕಿಯ ಎದುರಿಗೇ ನಿಂತಿರುತ್ತದೆ. ಊರಿನ ಸೇಬು ತೋಟಗಳ ನಡುವೆ ಅರ್ಧ ಗಂಟೆ ನಡೆದರೆ ಸಾಕು. 1951ರ ಅಕ್ಟೋಬರ್‌ನಲ್ಲಿ, ಹಿಮ ಬೀಳುವ ಮೊದಲೇ ಮತದಾನ ಮುಗಿಸಬೇಕೆಂದು ದೇಶದ ಉಳಿದ ಭಾಗಕ್ಕಿಂತ ಮುಂಚೆ ಇಲ್ಲಿ ಮತಗಟ್ಟೆ ತೆರೆದಾಗ ಮೊದಲ ಮತ ಹಾಕಿದವರು ಈ ಊರಿನ ಶಾಲಾಶಿಕ್ಷಕ ಶ್ಯಾಮ್ ಸರನ್ ನೇಗಿ. ಸ್ವತಂತ್ರ ಭಾರತದ ಮೊದಲ ಮತದಾರನೆಂದು ಹೆಸರಾದ ಅವರು 2022ರ ನವೆಂಬರ್‌ನಲ್ಲಿ ತೀರಿಕೊಂಡರು. ನಾಗರಿಕಶಾಸ್ತ್ರದ ಪಾಠ ಓದುತ್ತಿರುವ ಮಕ್ಕಳಿಗೆ ಇದನ್ನು ಆ ಊರಿನಲ್ಲೇ ಹೇಳಬೇಕು. ಹೊರಡುವ ಮುನ್ನ ಕೆಳಗಿನ ರೆಕಾಂಗ್ ಪಿಯೊದಲ್ಲಿ ನಗದು ತೆಗೆದುಕೊಳ್ಳಿ, ಇಂಧನ ತುಂಬಿಸಿಕೊಳ್ಳಿ. ಮುಂದೆ ಕಾಜಾದವರೆಗಿನ ಇನ್ನೂರು ಕಿಲೋಮೀಟರಿನಲ್ಲಿ ಎರಡನ್ನೂ ನಂಬಿ ಕೂರಲಾಗದು.

ನಾಕೋ ಬಿಟ್ಟು ತಾಬೋದಲ್ಲಿ ತಂಗುವುದು

ಹೆಚ್ಚಿನವರು ಕಲ್ಪಾದಿಂದ ಹೊರಟು ನಾಕೋದಲ್ಲಿ ಮಲಗುತ್ತಾರೆ. ನಾನು ಒಪ್ಪುವುದಿಲ್ಲ. ನಾಕೋ 3,660 ಮೀಟರ್, ಅಂದರೆ ಕಲ್ಪಾಕ್ಕಿಂತ ಒಮ್ಮೆಲೇ ಏಳುನೂರು ಮೀಟರ್ ಮೇಲೆ. ಅದರಾಚೆಯ ತಾಬೋ 3,280 ಮೀಟರ್ ಮಾತ್ರ. ಖಾಬ್‌ನಲ್ಲಿ ಸ್ಪಿತಿ ನದಿ ಸತ್ಲೆಜ್‌ಗೆ ಸೇರುವುದನ್ನು ಸೇತುವೆಯಿಂದ ನೋಡಿ, ಸುತ್ತುಬಳಸಿನ ತಿರುವುಗಳನ್ನು ಏರಿ ನಾಕೋ ಸೇರಿದರೆ ಮಧ್ಯಾಹ್ನದ ಊಟದ ಹೊತ್ತು. ಅಲ್ಲಿ ಮಗಳು ಬ್ಯಾಗಿನಿಂದ ತೆಗೆದ ಚಿಪ್ಸ್ ಪೊಟ್ಟಣ ಬಲೂನಿನಂತೆ ಉಬ್ಬಿತ್ತು. ಗಾಳಿಯ ಒತ್ತಡದ ಬಗ್ಗೆ ನಾನು ನಾಲ್ಕು ದಿನದಿಂದ ಹೇಳಿದ್ದೆಲ್ಲ ಅವಳಿಗೆ ಅರ್ಥವಾದದ್ದು ಆ ಒಂದು ಪೊಟ್ಟಣದಿಂದ. ಕೆರೆಯನ್ನೂ ಹನ್ನೊಂದನೇ ಶತಮಾನದ ಗೊಂಪಾವನ್ನೂ (ಬೌದ್ಧ ವಿಹಾರ) ನೋಡಿಕೊಂಡು ಬೆಳಕಿರುವಾಗಲೇ ತಾಬೋಗೆ ಇಳಿದುಬಿಡಿ. ಎತ್ತರ ಮುಟ್ಟಿ ಬಂದು ತಗ್ಗಿನಲ್ಲಿ ಮಲಗಿದಂತಾಗುತ್ತದೆ.

ತಾಬೋ ವಿಹಾರ ಸ್ಥಾಪನೆಯಾದದ್ದು 996ರಲ್ಲಿ, ಶ್ರವಣಬೆಳಗೊಳದ ಗೊಮ್ಮಟ ನಿಂತ ಕಾಲಕ್ಕೆ ಸರಿಸುಮಾರಾಗಿ. ಅಲ್ಲಿ ಕಗ್ಗಲ್ಲು, ಇಲ್ಲಿ ಬರೀ ಮಣ್ಣು. ಹೊರಗಿನಿಂದ ನೋಡಿದರೆ ಹಳ್ಳಿಯ ಕಣಜದಂತೆ ಕಾಣುವ ದಪ್ಪ ಮಣ್ಣಿನ ಗೋಡೆಗಳು, ಚಿಕ್ಕ ಬಾಗಿಲು. ಮಳೆ ಅಪರೂಪವಾದ್ದರಿಂದಲೇ ಸಾವಿರ ವರ್ಷ ಉಳಿದಿವೆ. ಅನುವಾದಕ ಗುರು ರಿಂಚೆನ್ ಝಾಂಗ್ಪೋ ಹೆಸರಿನೊಂದಿಗೆ ಈ ವಿಹಾರ ತಳಕು ಹಾಕಿಕೊಂಡಿದೆ. ಮುಖ್ಯ ಸಭಾಗೃಹದೊಳಗೆ ಕಾಲಿಟ್ಟ ಕೂಡಲೇ ಏನೂ ಕಾಣುವುದಿಲ್ಲ. ಬಹಳ ಜನ ಅಲ್ಲಿಂದಲೇ ಹಿಂದಿರುಗುತ್ತಾರೆ. ಐದು ನಿಮಿಷ ಗೋಡೆಯ ಬದಿಯಲ್ಲಿ ಸುಮ್ಮನೆ ಕುಳಿತುಕೊಳ್ಳಿ. ಮೊದಲು ನಡುವಿನ ವೈರೋಚನ ಬುದ್ಧನ ರೂಪ ಮೂಡುತ್ತದೆ, ಆಮೇಲೆ ಗೋಡೆಗಳಿಂದ ಮುಂದಕ್ಕೆ ಬಾಗಿ, ಅರ್ಧ ಗಾಳಿಯಲ್ಲಿ ಕುಳಿತಂತಿರುವ ಮಣ್ಣಿನ ಮೂರ್ತಿಗಳು ಒಂದೊಂದಾಗಿ, ಕೊನೆಗೆ ಅವುಗಳ ಕೆಳಗಿನ ಭಿತ್ತಿಚಿತ್ರಗಳ ನೀಲಿ ಮತ್ತು ಕೆಂಪು. ಅಮ್ಮ ಅಲ್ಲಿಂದ ಏಳಲು ಮುಕ್ಕಾಲು ಗಂಟೆ ಬೇಕಾಯಿತು. ಒಳಗೆ ಚಿತ್ರ ತೆಗೆಯುವುದು ನಿಷಿದ್ಧ. ಗೋಡೆಗೆ ಒರಗಬಾರದು, ಬೆನ್ನಿನ ಬ್ಯಾಗನ್ನು ಹೊರಗೇ ಬಿಡಬೇಕು, ಏಕೆಂದರೆ ತಾಗಿದರೆ ಬಣ್ಣ ಉದುರುತ್ತದೆ. ಗೊಂಪಾಗಳನ್ನೂ ಮಂತ್ರ ಕೆತ್ತಿದ ಕಲ್ಲುಗಳ ಮಣಿ ಗೋಡೆಗಳನ್ನೂ ನಮ್ಮ ದೇವಸ್ಥಾನಗಳಂತೆಯೇ ಬಲಗಡೆಗೆ ಇರಿಸಿಕೊಂಡು ಪ್ರದಕ್ಷಿಣೆ ಬರಬೇಕೆಂದಾಗ ಹಿರಿಯರಿಗೆ ಕೂಡಲೇ ಹಿಡಿಸುತ್ತದೆ. ಎದುರಾದವರಿಗೆ ‘ಜುಲೇ’ ಎಂದರೆ ನಮಸ್ಕಾರ ಹೇಳಿದಂತೆ.

ಕಾಜಾ ಮತ್ತು ಮೇಲಿನ ಹಳ್ಳಿಗಳು

ತಾಬೋದಿಂದ ಕಾಜಾಕ್ಕೆ ಐವತ್ತು ಕಿಲೋಮೀಟರಿನೊಳಗಿನ ದಾರಿ. ನಡುವೆ ಪಕ್ಕಕ್ಕೆ ಏರಿದರೆ ಸ್ಪಿತಿಯ ಹಿಂದಿನ ರಾಜಧಾನಿ ಧನ್‌ಕರ್, ಕುಸಿಯುತ್ತಿರುವ ಮಣ್ಣುಗಲ್ಲಿನ ಕೊರಕಲುಗಳ ತುದಿಯಲ್ಲಿ ಹೇಗೋ ಕುಳಿತಿರುವ ಗೊಂಪಾ. ಮಕ್ಕಳ ಕೈ ಬಿಡಬೇಡಿ. ಮೇಲಿನ ಕೆರೆಗೆ ಹತ್ತುವ ಉತ್ಸಾಹವನ್ನು ಆ ದಿನ ತಡೆದುಕೊಳ್ಳಿ.

ಕಾಜಾದ ಮೊದಲ ಅರ್ಧ ದಿನ ವಿಶ್ರಾಂತಿ. ಎರಡನೆಯ ದಿನ 4,166 ಮೀಟರಿನ ಕೀ ಗೊಂಪಾ ಮತ್ತು ಚಿಚಮ್ ಸೇತುವೆ. ಮೂರನೆಯ ದಿನ, ಎಲ್ಲರೂ ಚೆನ್ನಾಗಿದ್ದರೆ ಮಾತ್ರ, ಲಾಂಗ್ಜಾ ಮತ್ತು ಹಿಕ್ಕಿಮ್. ಎರಡೂ ಸುಮಾರು 4,400 ಮೀಟರ್. ಹಿಕ್ಕಿಮ್‌ನಲ್ಲಿ 1983ರಿಂದ ಅಂಚೆ ಕಚೇರಿ ನಡೆಯುತ್ತಿದೆ. ಅಂಚೆ ಕಾರ್ಡುಗಳನ್ನು ಹಿಂದಿನ ರಾತ್ರಿಯೇ ಕಾಜಾದಲ್ಲಿ ಬರೆದಿಟ್ಟುಕೊಂಡರೆ ಮೇಲೆ ಥಂಡಿಗಾಳಿಯಲ್ಲಿ ಬೆರಳು ಮರಗಟ್ಟಿಸಿಕೊಳ್ಳುವುದು ತಪ್ಪುತ್ತದೆ. ಲಾಂಗ್ಜಾದ ಮಣ್ಣಿನಲ್ಲಿ, ಹಿಮಾಲಯ ಏಳುವ ಮೊದಲು ಇಲ್ಲಿದ್ದ ಟೆಥಿಸ್ ಸಮುದ್ರದ ಕಾಲದ ಚಿಪ್ಪುಜೀವಿಗಳ ಪಳೆಯುಳಿಕೆಗಳು ಸಿಗುತ್ತವೆ. ಮಕ್ಕಳು ನಿಮ್ಮ ಮುಂದೆ ಹಿಡಿದು ಮಾರಲು ಬಂದರೂ ಕೊಳ್ಳಬೇಡಿ, ನೋಡಿ ಹಿಂದಿರುಗಿಸಿ. ಇನ್ನೂ ಮೇಲಿನ ಕೋಮಿಕ್ (4,587 ಮೀಟರ್) ಹಿರಿಯರಿಗೂ ಎಳೆಯರಿಗೂ ಬೇಕಿಲ್ಲವೆಂಬುದು ನನ್ನ ಅಭಿಪ್ರಾಯ. ಮೇಲೆ ಹೋದಾಗಲೆಲ್ಲ ಒಂದೆರಡು ಗಂಟೆಯೊಳಗೆ ಇಳಿದುಬರಬೇಕು. ಯಾರಿಗಾದರೂ ಬಾಧೆ ತೋರಿದರೆ ಇಳಿಯುವ ಜಾಗ ತಾಬೋ. ಕುಂಜುಮ್ ದಾಟದೆ ಒಂದೂವರೆ ಎರಡು ಗಂಟೆಯಲ್ಲಿ ಮುಟ್ಟಬಹುದಾದ ತಗ್ಗಿನ ಊರು ಅದು. ನೀವು ಹಿಂದೆ ಎರಡು ರಾತ್ರಿ ಕಳೆದ ಹೋಂಸ್ಟೇಯವರ ಫೋನ್ ಸಂಖ್ಯೆಯನ್ನು ಅದಕ್ಕಾಗಿಯೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಊಟ, ನೀರು, ಹೊದಿಕೆ

ಕಾಜಾದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ತೆರೆದ ಪಾತ್ರೆಯಲ್ಲಿ ಅನ್ನ ಎಷ್ಟು ಹೊತ್ತಾದರೂ ಅಗಳು ಅಗಳಾಗಿಯೇ ಉಳಿಯುತ್ತದೆ, ಬೇಳೆಯ ಮಾತಂತೂ ಬೇಡ. ಅನ್ನವಿಲ್ಲದೆ ಆಗದವರು ಕುಕ್ಕರಿನಲ್ಲಿ ಮಾಡಿಕೊಡಲು ಮೊದಲೇ ಕೇಳಿಕೊಳ್ಳಿ. ಆದರೆ ರಾತ್ರಿಗೆ ಬಿಸಿ ತುಕ್ಪಾ (ನೂಡಲ್ಸ್ ಹಾಕಿದ ಸಾರು) ಹೊಟ್ಟೆಗೆ ಹಗುರ. ಅಲ್ಲಿನವರ ತ್ಸಾಂಪಾ ಎಂದರೆ ಹುರಿದ ಬಾರ್ಲಿಯ ಹಿಟ್ಟು. ನಮ್ಮ ಹುರಿಹಿಟ್ಟನ್ನು ಬಲ್ಲ ಅಮ್ಮ ಅದಕ್ಕೆ ಬೆಲ್ಲ ಕಲಸಿ ಮನೆಯೊಡತಿಗೇ ತಿನ್ನಿಸಿದರು. ಎತ್ತರದಲ್ಲಿ ಬಾಯಾರಿಕೆ ಗೊತ್ತಾಗದ ಕಾರಣ ಎಲ್ಲರೂ ಕುಡಿಯುವ ನೀರಿನ ಮೇಲೆ ಒಬ್ಬರು ಕಣ್ಣಿಟ್ಟಿರಬೇಕು. ಮದ್ಯ ಮತ್ತು ನಿದ್ರೆಮಾತ್ರೆ ಎರಡೂ ಬೇಡ. ಹಲವು ಮನೆಗಳಲ್ಲಿ ಇರುವುದು ನೀರಿಲ್ಲದ ಒಣ ಶೌಚಾಲಯ, ಅದೂ ಹೊರಗಡೆ. ಕುಕ್ಕುರುಗಾಲಿನಲ್ಲಿ ಕೂರಲಾಗದ ಹಿರಿಯರಿದ್ದರೆ ಕೋಣೆ ಹಿಡಿಯುವಾಗಲೇ ಕಮೋಡ್ ಇದೆಯೇ ಎಂದು ಕೇಳಲು ಸಂಕೋಚಪಡಬೇಡಿ. ಒಂದು ದಪ್ಪ ಜಾಕೆಟ್ಟಿಗಿಂತ ಮೂರು ತೆಳು ಪದರಗಳು ಉತ್ತಮ, ಜೊತೆಗೆ ಬಿಸಿಲ ಕನ್ನಡಕ, ತುಟಿಗೆ ಹಚ್ಚುವ ಮುಲಾಮು, ಪ್ರತಿಯೊಬ್ಬರಿಗೂ ಒಂದು ಟಾರ್ಚು.

ಹಿಂದಿರುಗುವ ದಾರಿ

ಕುಂಜುಮ್ ತೆರೆದಿದ್ದರೆ, ಕಾಜಾದಲ್ಲಿ ಮೂರು ರಾತ್ರಿ ಚೆನ್ನಾಗಿ ಮಲಗಿದ ಕುಟುಂಬ ಆ ಕಡೆಯಿಂದಲೇ ಮನಾಲಿಗೆ ಇಳಿಯಬಹುದು. ಒಗ್ಗಿಕೊಂಡ ದೇಹಕ್ಕೆ ಆ ಎತ್ತರ ಕೆಲವೇ ಗಂಟೆಗಳ ಮಾತು. ಆದರೆ ಲೋಸರ್ ದಾಟಿದ ಮೇಲಿನ ಕಲ್ಲುದಾರಿಯಲ್ಲಿ ಬೆನ್ನುನೋವಿನವರು ನರಳುತ್ತಾರೆ, ಸಂಜೆಯಾಗುತ್ತ ಹಿಮ ಕರಗಿದ ಹಳ್ಳಗಳು ರಸ್ತೆಯ ಮೇಲೆ ಏರುತ್ತವೆ. ಬೆಳಿಗ್ಗೆ ಆರಕ್ಕೆ ಹೊರಡಲಾಗದಿದ್ದರೆ ಆ ದಾರಿ ಬೇಡ. ನಾವು ಬಂದ ದಾರಿಯಲ್ಲೇ ಹಿಂದಿರುಗಿದೆವು. ಇಳಿಯುವುದಕ್ಕೆ ಎತ್ತರದ ಮಿತಿ ಇಲ್ಲವಾದ್ದರಿಂದ, ದಿನಕ್ಕೆ ಏಳು ಗಂಟೆಯೆಂಬ ಷರತ್ತನ್ನು ಆ ಒಂದು ದಿನಕ್ಕೆ ಸಡಿಲಿಸಿ, ನಸುಕಿನಲ್ಲೇ ಹೊರಟು ಕಾಜಾದಿಂದ ಕಲ್ಪಾ ತಲುಪಬಹುದು. ಮರುರಾತ್ರಿ ನಾರ್ಕಂಡಾ, ಅದರ ಮರುದಿನ ಚಂಡೀಗಢ. ವಿಮಾನದ ಟಿಕೆಟ್ಟನ್ನು ಮಾತ್ರ ಆ ದಿನಕ್ಕೇ ತೆಗೆಯದೆ ಒಂದು ದಿನ ತಡವಾಗಿ ತೆಗೆಯಿರಿ. ಪಿಯೊದಿಂದ ಕೆಳಗೆ ಎಲ್ಲಾದರೂ ಒಂದು ಕಡೆ ಗುಡ್ಡದ ಮಣ್ಣು ತೆಗೆಯುವ ಯಂತ್ರದ ಹಿಂದೆ ಎರಡು ಮೂರು ಗಂಟೆ ಕಾಯುವುದು ಈ ರಸ್ತೆಯಲ್ಲಿ ಮಾಮೂಲು. ನಾವು ಕಾದ ಜಾಗದಲ್ಲಿ ಹಿಂದಿನ ಲಾರಿಯವರು ಸೇಬಿನ ಪೆಟ್ಟಿಗೆಯೊಂದನ್ನು ಬಿಚ್ಚಿ ಸಾಲಿನಲ್ಲಿದ್ದ ಮಕ್ಕಳಿಗೆಲ್ಲ ಒಂದೊಂದು ಹಂಚಿದರು.